ಬಾಗಿಲಿಗೆ ಎರಡು ಉಚ್ಚಾರ: ತೈವಾನಿನ ನುಡಿ ಹದಗೊಂಡ ಬಗೆ

ನಾವು ದಿನಾ ಕುಡಿಯುವ ಪಾನೀಯಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ: ಚಹಾ ಮತ್ತು ಟೀ. ಎರಡರ ತವರೂ ಚೀನಾವೇ. ಅಲ್ಲಿನ ಬಹುಪಾಲು ನುಡಿಗಳಲ್ಲಿರುವ ‘ಚಾ’ ಎಂಬ ರೂಪ ಹಲವು ನಾಡುಗಳನ್ನು ಹಾದು ನಮ್ಮಲ್ಲಿ ಚಹಾ ಆಯಿತು. ‘ಟೀ’ ಹುಟ್ಟಿದ್ದು ಮಾತ್ರ ಆಗ್ನೇಯ ಕರಾವಳಿಯ ಒಂದೇ ಒಂದು ನುಡಿ ಬಳಗದಲ್ಲಿ. ಅದರ ಹೆಸರು ಹೊಕ್ಕಿಯೆನ್. ಆ ನುಡಿಯಲ್ಲಿ ಚಹದೆಲೆಗೆ ‘ತೇ’ ಎನ್ನುತ್ತಾರೆ. 17ನೆಯ ಶತಮಾನದಲ್ಲಿ ಡಚ್ ವರ್ತಕರು ಎಲೆಯ ಜೊತೆಗೆ ಹೆಸರನ್ನೂ ಹಡಗಿಗೇರಿಸಿಕೊಂಡು ಹೋದರು. ಅದು ಇಂಗ್ಲಿಷಿನ ಮೂಲಕ ನಮ್ಮ ಹೋಟೆಲುಗಳಿಗೂ ಬಂತು. ಅದೇ ಕರಾವಳಿಯ ದೊಡ್ಡ ಬಂದರು ಶಿಯಾಮೆನ್. ಹಳೆಯ ಇಂಗ್ಲಿಷ್ ಭೂಪಟಗಳಲ್ಲಿ ಈ ಊರಿನ ಹೆಸರು ಅಮೊಯ್. ಹೆಸರಿನ ಎರಡನೆಯ ಅಕ್ಷರಕ್ಕೆ ಬಾಗಿಲು ಎಂದರ್ಥ. ಆದರೆ ಶಿಯಾಮೆನ್‌ನವರು ತಮ್ಮ ಊರನ್ನು ಕರೆಯುವುದು ‘ಏ-ಮ್ಙ್’ ಎಂದು. ಅವರ ಬಾಯಲ್ಲಿ ಬಾಗಿಲು ಎಂದರೆ ‘ಮ್ಙ್’. ಅದರಲ್ಲಿ ‘ಒಯ್’ ಎನ್ನುವ ಸದ್ದೇ ಇಲ್ಲ. ಆ ಸದ್ದು ಬಂದದ್ದು ಪಕ್ಕದ ಜಾಂಗ್‌ಜೌ ಸೀಮೆಯಿಂದ. ಅಲ್ಲಿನವರಿಗೆ ಬಾಗಿಲು ‘ಮೂಯ್’. ಹೀಗೆ ಒಂದು ಊರಿನ ಹೆಸರು ನೆರೆಯೂರಿನವರ ಉಚ್ಚಾರದಲ್ಲಿ ಜಗತ್ತಿಗೆ ಪರಿಚಯವಾಯಿತು. ಇಂದು ಆ ‘ಮೂಯ್’ ಸಮುದ್ರದಾಚೆ, ತೈವಾನಿನ ಈಶಾನ್ಯ ಮೂಲೆಯ ಯೀಲಾನ್ ಬಯಲಿನಲ್ಲಿ ಕೇಳಿಸುತ್ತದೆ. ತೈವಾನಿನ ಉಳಿದ ಬಹುಪಾಲು ಕಡೆಗಳಲ್ಲಿ ಬಾಗಿಲು ‘ಮ್ಙ್’ ಆಗಿದೆ. ಜಾಂಗ್‌ಜೌ ಮೂಲದ ಲಕ್ಷಾಂತರ ಜನ ಬಂದು ನೆಲೆಸಿದ ದ್ವೀಪದಲ್ಲಿ ಅವರ ಬಾಗಿಲು ಮುಖ್ಯವಾಗಿ ಒಂದು ಮೂಲೆಯಲ್ಲಿ ಏಕೆ ಉಳಿಯಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಮಾತಿನ ಧಾಟಿ ಎಂಬುದು ಹೇಗೆ ರೂಪುಗೊಳ್ಳುತ್ತದೆ ಎಂಬುದರ ಒಂದು ದೊಡ್ಡ ನಿಯಮವೇ ಕೈಗೆ ಸಿಗುತ್ತದೆ.

ಹೊಕ್ಕಿಯೆನ್ ಎಂಬ ಹೆಸರು ಫೂಜಿಯಾನ್ ಪ್ರಾಂತ್ಯದ ಹೆಸರೇ. ಆ ನುಡಿಯವರ ಬಾಯಲ್ಲಿ ಫೂಜಿಯಾನ್ ಹೊಕ್ಕಿಯೆನ್ ಆಗುತ್ತದೆ. ಆದರೆ ಇದನ್ನು ಆಡುವುದು ಪ್ರಾಂತ್ಯದ ದಕ್ಷಿಣ ಭಾಗದಲ್ಲಿ ಮಾತ್ರ. ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ ಒಂದನ್ನೇ ಬಲ್ಲವರಿಗೆ ಹೊಕ್ಕಿಯೆನ್ ಅರ್ಥವಾಗುವುದಿಲ್ಲ. ಎರಡನ್ನೂ ‘ಚೀನೀ’ ಎಂದು ಒಂದೇ ಹೆಸರಿನಿಂದ ಕರೆಯುವುದು ರೂಢಿಯಾದರೂ ಕಿವಿಗೆ ಅವು ಬೇರೆ ಬೇರೆ ಭಾಷೆಗಳೇ. ಹೊಕ್ಕಿಯೆನ್‌ನ ಒಳಗೆ ಎರಡು ಹಳೆಯ ಕೇಂದ್ರಗಳಿವೆ. ಒಂದು ಚುವಾನ್‌ಜೌ. ಮಾರ್ಕೋ ಪೋಲೋ ಜೈತೂನ್ ಎಂದು ಕರೆದ, ಅರಬರಿಂದ ಹಿಡಿದು ನಮ್ಮ ದಕ್ಷಿಣ ಭಾರತದ ವರ್ತಕರವರೆಗೆ ಎಲ್ಲರೂ ಬಂದು ಹೋಗುತ್ತಿದ್ದ ಬಂದರು ಅದು. 1281ರ ತಮಿಳು ಶಾಸನವೊಂದು ಅಲ್ಲಿ ಸಿಕ್ಕಿದೆ. ಇನ್ನೊಂದು ಜಾಂಗ್‌ಜೌ. ಚುವಾನ್‌ಜೌನ ವೈಭವ ಇಳಿದ ಮೇಲೆ, 1567ರಲ್ಲಿ ಮಿಂಗ್ ಸರ್ಕಾರ ಕಡಲ ವ್ಯಾಪಾರಕ್ಕೆ ಪರವಾನಗಿ ಕೊಟ್ಟಾಗ, ಜಾಂಗ್‌ಜೌಗೆ ಸೇರಿದ ಯುಎಗಾಂಗ್ ಬಂದರು ಏಳಿಗೆಗೆ ಬಂತು. ಎರಡು ಸೀಮೆಗಳು, ಎರಡು ನದಿಗಳು, ಎರಡು ಬಂದರುಗಳು, ಎರಡು ಧಾಟಿಗಳು. ಅಲ್ಲಿನ ವಿದ್ವಾಂಸರಿಗೇ ಈ ಭೇದದ ಅರಿವು ಚೆನ್ನಾಗಿತ್ತು. 1800ರಲ್ಲಿ ಚುವಾನ್‌ಜೌ ಉಚ್ಚಾರಕ್ಕೊಂದು ಪ್ರಾಸಕೋಶ ಅಚ್ಚಾಯಿತು. 1818ರಲ್ಲಿ ಜಾಂಗ್‌ಜೌ ಉಚ್ಚಾರಕ್ಕೂ ಒಂದು ಬಂತು. ಎರಡು ಶತಮಾನಗಳ ಹಿಂದಿನ ಉಚ್ಚಾರವನ್ನು ಇವತ್ತಿನ ವಿದ್ವಾಂಸರು ಇಷ್ಟು ಖಚಿತವಾಗಿ ಹೇಳುವುದು ಇಂಥ ಪುಸ್ತಕಗಳ ಆಧಾರದ ಮೇಲೆ.

ಭೇದ ಎಂಥದು ಎಂಬುದನ್ನು ಮನೆಬಳಕೆಯ ನಾಲ್ಕು ಮಾತುಗಳಲ್ಲಿ ನೋಡಬಹುದು. ಹಂದಿಗೆ ಜಾಂಗ್‌ಜೌನಲ್ಲಿ ‘ತಿ’ ಎನ್ನುತ್ತಾರೆ. ಚುವಾನ್‌ಜೌನ ಹಳೆಯ ಉಚ್ಚಾರದಲ್ಲಿ ‘ತ’ಕಾರದ ಮುಂದೆ ಬರುವುದು ಇಕಾರವೂ ಅಲ್ಲದ ಉಕಾರವೂ ಅಲ್ಲದ ಒಂದು ನಡುಸ್ವರ, ತುಳುವಿನಲ್ಲಿ ಪದದ ಕೊನೆಗೆ ತುಟಿ ದುಂಡಾಗದೆ ಬರುವ ಉಕಾರ ಅದಕ್ಕೆ ಹತ್ತಿರ. ಹಿಂದೆ ಚುವಾನ್‌ಜೌಗೇ ಸೇರಿದ್ದ ತೊಂಗ್‌ಆನ್ ತಾಲ್ಲೂಕಿನಲ್ಲಿ ಅದೇ ಹಂದಿ ‘ತು’. ಬೆಂಕಿ ಜಾಂಗ್‌ಜೌನಲ್ಲಿ ‘ಹ್ವೆ’, ಶಿಯಾಮೆನ್‌ನಲ್ಲಿ ‘ಹೆ’, ಹಳೆಯ ಚುವಾನ್‌ಜೌನಲ್ಲಿ ಮತ್ತೊಂದು ನಡುಸ್ವರ. ಕೋಳಿ ಜಾಂಗ್‌ಜೌನಲ್ಲಿ ‘ಕೆ’, ಚುವಾನ್‌ಜೌನಲ್ಲಿ ‘ಕ್ವೆ’. ಇಂಗ್ಲಿಷಿನ ಕೆಚಪ್ ಎಂಬ ಮಾತು ಮೀನಿನ ರಸಕ್ಕೆ ಹೊಕ್ಕಿಯೆನ್‌ನಲ್ಲಿದ್ದ ಹೆಸರಿನಿಂದ ಬಂದಿರಬೇಕು ಎಂದು ಹೆಚ್ಚಿನ ನಿಘಂಟುಕಾರರು ನಂಬುತ್ತಾರೆ. ಹಾಗಿದ್ದರೆ ಅದು ಬಂದದ್ದು ಜಾಂಗ್‌ಜೌ ಬಾಯಿಂದಲೇ. ಆ ಹೆಸರಿನ ಮೊದಲ ಅಕ್ಷರವೂ ಚುವಾನ್‌ಜೌನಲ್ಲಿ ‘ಕ್ವೆ’. ಕೊನೆಯದಾಗಿ ಅನ್ನ. ಚುವಾನ್‌ಜೌ ಮತ್ತು ಶಿಯಾಮೆನ್‌ನಲ್ಲಿ ‘ಪ್ಙ್’, ಜಾಂಗ್‌ಜೌನಲ್ಲಿ ಮೂಗಿನ ದನಿಯೊಡನೆ ‘ಪೂಯ್’. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ ನಿಂತಿರುವ ಙ ಕನ್ನಡದಲ್ಲಿ ಒಂಟಿಯಾಗಿ ಕಾಣಿಸುವುದು ತೀರ ಅಪರೂಪ. ಹೊಕ್ಕಿಯೆನ್‌ನಲ್ಲಿ ಅದು ಯಾವ ಸ್ವರದ ಆಸರೆಯೂ ಇಲ್ಲದೆ ಇಡೀ ಪದವೇ ಆಗಿ ನಿಲ್ಲುತ್ತದೆ. ಮ್ಯಾಂಡರಿನ್‌ನಲ್ಲಿ ಹುವಾಂಗ್ ಎನ್ನುವ ಮನೆತನದ ಹೆಸರು ಇಲ್ಲಿ ಬರಿಯ ‘ಙ್’. ಜಾಂಗ್‌ಜೌ ಧಾಟಿಯಲ್ಲಿ ಅದೇ ‘ಊಯ್’.

ಈ ಎರಡು ಧಾಟಿಯ ಜನ ತೈವಾನ್ ಜಲಸಂಧಿಯನ್ನು ದಾಟಿದ್ದು ಒಂದೇ ಸಲಕ್ಕಲ್ಲ. 1624ರಲ್ಲಿ ಡಚ್ಚರು ಇಂದಿನ ತಾಯ್ನಾನ್ ಬಳಿ ಕೋಟೆ ಕಟ್ಟಿ, ಕಬ್ಬು ಭತ್ತ ಬೆಳೆಯಲು ಫೂಜಿಯಾನ್‌ನಿಂದ ರೈತರನ್ನು ಕರೆಸಿಕೊಂಡರು. 1662ರಲ್ಲಿ ಅವರನ್ನು ಹೊರಗಟ್ಟಿದ ಝೆಂಗ್ ಚೆಂಗ್‌ಗಾಂಗ್, ಅಂದರೆ ಪಾಶ್ಚಾತ್ಯರು ಕೊಶಿಂಗಾ ಎಂದು ಕರೆದ ಸೇನಾನಿ, ಚುವಾನ್‌ಜೌ ಸೀಮೆಯ ಮನೆತನದವನು. 1683ರಲ್ಲಿ ಚಿಂಗ್ ಸಾಮ್ರಾಜ್ಯ ದ್ವೀಪವನ್ನು ವಶಪಡಿಸಿಕೊಂಡು ವಲಸೆಗೆ ನಿರ್ಬಂಧ ಹಾಕಿದರೂ ಹಸಿವು ಜನರನ್ನು ತಳ್ಳುತ್ತಲೇ ಇತ್ತು. 1784ರಲ್ಲಿ ನಡುವಣ ಕರಾವಳಿಯ ಲೂಕಾಂಗ್ ಅನ್ನು ಚುವಾನ್‌ಜೌ ಕಡೆಯ ಬಂದರಿಗೆ ಎದುರು ಬಂದರಾಗಿ ಅಧಿಕೃತವಾಗಿ ತೆರೆದರು. ಆ ಪಟ್ಟಣ ಚುವಾನ್‌ಜೌ ವರ್ತಕರ ತುಂಬು ಮನೆಯಾಯಿತು. ಕ್ರಮೇಣ ಒಂದು ವಿನ್ಯಾಸ ಮೂಡಿತು. ಕಡಲಂಚಿನ ಊರುಗಳಲ್ಲಿ ಚುವಾನ್‌ಜೌನವರು, ಒಳನಾಡಿನ ಬಯಲಲ್ಲಿ ಜಾಂಗ್‌ಜೌನವರು. ಇಂದಿಗೂ ತೈವಾನಿನ ಜನ ಚುವಾನ್‌ಜೌ ಛಾಯೆಯ ಮಾತಿಗೆ ‘ಕಡಲಬಾಯಿಯ ಧಾಟಿ’ ಎಂದೂ ಜಾಂಗ್‌ಜೌ ಛಾಯೆಯ ಮಾತಿಗೆ ‘ಒಳಬಯಲಿನ ಧಾಟಿ’ ಎಂದೂ ಅರ್ಥ ಬರುವ ಹೆಸರುಗಳನ್ನು ಬಳಸುತ್ತಾರೆ. ನೀರಿಗಾಗಿ, ನೆಲಕ್ಕಾಗಿ, ಬಂದರಿನ ಸುಂಕಕ್ಕಾಗಿ ಎರಡು ಕಡೆಯವರ ನಡುವೆ 18 ಮತ್ತು 19ನೆಯ ಶತಮಾನಗಳಲ್ಲಿ ರಕ್ತಪಾತದ ಕಾಳಗಗಳು ನಡೆದವು. 1853ರಲ್ಲಂತೂ ಇಂದಿನ ತೈಪೆಯ ಹಳೆಯ ಬಂದರಾದ ಬಾಂಗ್ಕಾದಲ್ಲಿ ಚುವಾನ್‌ಜೌನವರೇ ಎರಡು ಪಂಗಡವಾಗಿ ಹೊಡೆದಾಡಿದರು. ಸೋತ ತೊಂಗ್‌ಆನ್ ಪಂಗಡ ತನ್ನ ನಗರದೇವತೆಯನ್ನು ಹೊತ್ತುಕೊಂಡು ಹೋಗಿ ನದಿಯ ಕೆಳದಂಡೆಯಲ್ಲಿ ದಾದಾಓಚೆಂಗ್ ಎಂಬ ಪೇಟೆಯನ್ನು ಬೆಳೆಸಿತು. ಈ ಒಡಕನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ವಾದಕ್ಕೆ ಇದು ಬೇಕಾಗುತ್ತದೆ.

ತೈವಾನನ್ನು 1895ರಲ್ಲಿ ಕೈವಶ ಮಾಡಿಕೊಂಡ ಜಪಾನೀಯರು ಎಲ್ಲವನ್ನೂ ಎಣಿಸಿ ಬರೆದಿಟ್ಟರು. ಭಾಷಾಶಾಸ್ತ್ರಜ್ಞ ಒಗಾವಾ ನಾವೊಯೋಶಿಯ 1907ರ ನಿಘಂಟಿನಲ್ಲಿ ದ್ವೀಪದ ಯಾವ ಭಾಗದಲ್ಲಿ ಯಾವ ನುಡಿ, ಯಾವ ಧಾಟಿ ಎಂದು ತೋರಿಸುವ ಭೂಪಟವೇ ಇದೆ. 1926ರಲ್ಲಿ ಸರ್ಕಾರ ಜನರ ಪೂರ್ವಿಕರ ಊರು ಯಾವುದೆಂಬ ಲೆಕ್ಕ ತೆಗೆಯಿತು. ಆಗಿನ ಸುಮಾರು 37.5 ಲಕ್ಷ ಹಾನ್, ಅಂದರೆ ಚೀನೀ ಮೂಲದ, ಜನರಲ್ಲಿ ಚುವಾನ್‌ಜೌ ಮೂಲದವರು ಶೇ. 44.8, ಜಾಂಗ್‌ಜೌ ಮೂಲದವರು ಶೇ. 35.2. ಇಲ್ಲಿಂದಲೇ ಒಗಟು ಶುರುವಾಗುತ್ತದೆ. ಹೆಚ್ಚು ಜನರಿದ್ದ ಕಡೆಯ ಧಾಟಿಯೇ ಗೆಲ್ಲಬೇಕು ಎನ್ನುವುದು ಸಾಮಾನ್ಯ ತಿಳಿವಳಿಕೆ. ಆದರೆ ತಾಯ್ನಾನ್, ಕಾವೊಸ್ಯುಂಗ್, ತೈಚುಂಗ್‌ಗಳಲ್ಲಿ ಇವತ್ತು ಕೇಳಿಸುವ ಬಹುಜನರ ಧಾಟಿಯಲ್ಲಿ ಹಂದಿ ‘ತಿ’, ಬೆಂಕಿ ‘ಹ್ವೆ’, ಕೋಳಿ ‘ಕೆ’. ಮೂರೂ ಜಾಂಗ್‌ಜೌ ರೂಪಗಳು. ಹಾಗೆಂದು ಜಾಂಗ್‌ಜೌ ಪೂರ್ತಿ ಗೆದ್ದಿತೆ? ಅದೂ ಇಲ್ಲ. ಅನ್ನ ‘ಪ್ಙ್’, ಬಾಗಿಲು ‘ಮ್ಙ್’. ಇವು ಚುವಾನ್‌ಜೌ ಕಡೆಯವು. ತೈವಾನಿನಲ್ಲಿ ಇದಕ್ಕೊಂದು ರೂಢಿಯ ಮಾತೇ ಇದೆ: ಜಾಂಗ್ ಕೂಡ ಅಲ್ಲ, ಚುವಾನ್ ಕೂಡ ಅಲ್ಲ. ಸಂಖ್ಯೆಯ ಬಲದಿಂದ ಈ ಬೆರಕೆಯನ್ನು ವಿವರಿಸಲು ಆಗುವುದಿಲ್ಲ. ಬೇರೆ ಕಾರಣವನ್ನೇ ಹುಡುಕಬೇಕು.

ಕಾರಣ ಹೊಳೆಯಬೇಕಾದರೆ ಯಾವುದು ಉಳಿಯಿತು ಎನ್ನುವುದಕ್ಕಿಂತ ಯಾವುದು ಹೋಯಿತು ಎಂದು ನೋಡಬೇಕು. ಚುವಾನ್‌ಜೌನ ಎರಡು ನಡುಸ್ವರಗಳು ಹೋದವು. ಜಾಂಗ್‌ಜೌನ ‘ಊಯ್’ ಹೋಯಿತು. ಜಾಂಗ್‌ಜೌನಲ್ಲಿ ಮನೆ ಎಂಬ ಮಾತಿಗಿದ್ದ, ನಾವು ಬ್ಯಾಂಕ್ ಎನ್ನುವಾಗ ಬಾಯಿ ತೆರೆಯುವುದಕ್ಕೆ ಹತ್ತಿರವಾದ ಅಗಲ ಎಕಾರವೂ ಹೋಗಿ ಮಾಮೂಲಿ ಎಕಾರದಲ್ಲಿ ಸೇರಿಕೊಂಡಿತು. ಹೀಗೆ ಹೋದವೆಲ್ಲವೂ ಒಂದು ಕಡೆಯವರು ಮಾತ್ರ ಪಾಲಿಸುತ್ತಿದ್ದ ಭೇದಗಳು. ಅನ್ನದ ಮಾತನ್ನೇ ಹತ್ತಿರದಿಂದ ನೋಡೋಣ. ಸಕ್ಕರೆಗೆ ಎರಡೂ ಸೀಮೆಯವರು ‘ಥ್ಙ್’ ಎನ್ನುತ್ತಾರೆ. ಅಂದರೆ ಜಾಂಗ್‌ಜೌನವರಿಗೆ ಆ ‘ಙ್’ ಅಪರಿಚಿತವಲ್ಲ. ಸಕ್ಕರೆಯಲ್ಲಿ ‘ಙ್’, ಅನ್ನದಲ್ಲಿ ‘ಊಯ್’ ಎಂದು ಅವರು ಎರಡು ಗುಂಪು ಮಾಡಿಕೊಂಡಿದ್ದಾರೆ, ಅಷ್ಟೆ. ಚುವಾನ್‌ಜೌನವರಿಗೆ ಎರಡೂ ಒಂದೇ ಗುಂಪು. ಈಗ ಇಬ್ಬರೂ ಒಂದೇ ಸಂತೆಯಲ್ಲಿ ಸೇರಿದರು ಎನ್ನೋಣ. ಜಾಂಗ್‌ಜೌನವನು ಚುವಾನ್‌ಜೌ ರೀತಿಗೆ ಬರಬೇಕಾದರೆ ಎಲ್ಲ ಕಡೆ ‘ಙ್’ ಎಂದರಾಯಿತು. ಚುವಾನ್‌ಜೌನವನು ಜಾಂಗ್‌ಜೌ ರೀತಿಗೆ ಬರಬೇಕಾದರೆ ಯಾವ ‘ಙ್’ ಅನ್ನು ‘ಊಯ್’ ಮಾಡಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ಒಂದೊಂದು ಪದವನ್ನೂ ಬಾಯಿಪಾಠ ಮಾಡಬೇಕು. ಇಲ್ಲದ ಭೇದವನ್ನು ಕಲಿಯುವುದಕ್ಕಿಂತ ಇರುವ ಭೇದವನ್ನು ಮರೆಯುವುದು ಸುಲಭ. ನಡುಸ್ವರಗಳ ವಿಷಯದಲ್ಲಿ ಇದೇ ನಿಯಮ ಚುವಾನ್‌ಜೌಗೆ ವಿರುದ್ಧವಾಗಿ ಕೆಲಸ ಮಾಡಿತು. ಜೊತೆಗೆ ಹಂದಿಯ ವಿಷಯದಲ್ಲಿ ಚುವಾನ್‌ಜೌನವರೇ ಒಗ್ಗಟ್ಟಾಗಿರಲಿಲ್ಲ. ಬಾಂಗ್ಕಾದಲ್ಲಿ ಹೊಡೆದಾಡಿದ ಪಂಗಡಗಳ ನಾಲಿಗೆಯೂ ಒಡೆದಿತ್ತು. ಸಂಖ್ಯೆ ದೊಡ್ಡದಿದ್ದರೂ ಒಂದು ದನಿ ಇಲ್ಲದವರು ಹಿಂದೆ ಸರಿದರು.

ಯಾವ ಭೇದವನ್ನೂ ಕಲಿಯಬೇಕಾಗಿಲ್ಲದ ಕಡೆ, ಅಂದರೆ ಎರಡೂ ರೂಪಗಳು ಎಲ್ಲರ ನಾಲಿಗೆಗೂ ಸಲೀಸಾದ ಕಡೆ, ಆಯಾ ಪ್ರದೇಶದ ಜನಬಲವೇ ತೀರ್ಮಾನ ಮಾಡಿತು. ಕೋಳಿ ದಕ್ಷಿಣದಲ್ಲಿ ‘ಕೆ’, ತೈಪೆಯಲ್ಲಿ ಇಂದಿಗೂ ‘ಕ್ವೆ’. ಈ ಬೆರಕೆಯ ಒಂದು ಸುಂದರ ಫಲ ದಕ್ಷಿಣದ ಊಟದ ತಟ್ಟೆಯಲ್ಲಿದೆ. ಹಬ್ಬದ ದಿನ ಕೋಳಿ ತಿಂದರೆ ಮನೆತನ ಏಳಿಗೆಯಾಗುತ್ತದೆ ಎಂಬ ಶುಭನುಡಿ ತೈವಾನಿನ ಮನೆಮನೆಯ ಮಾತು. ಕೋಳಿಯೂ ‘ಕೆ’, ಮನೆಯೂ ‘ಕೆ’ ಆಗಿರುವುದೇ ಅದರ ಜೀವಾಳ. ಅಚ್ಚ ಜಾಂಗ್‌ಜೌ ಉಚ್ಚಾರದಲ್ಲಿ ಮನೆಯ ಎಕಾರ ಅಗಲವಾದ್ದರಿಂದ ಎರಡೂ ಪೂರ್ತಿ ಕೂಡುವುದಿಲ್ಲ. ಅಚ್ಚ ಚುವಾನ್‌ಜೌ ಉಚ್ಚಾರದಲ್ಲಿ ಕೋಳಿ ‘ಕ್ವೆ’ ಆದ್ದರಿಂದ ಇನ್ನೂ ದೂರ. ಕೋಳಿಯನ್ನು ಜಾಂಗ್‌ಜೌನಿಂದಲೂ ಮನೆಯನ್ನು ಚುವಾನ್‌ಜೌನಿಂದಲೂ ತಂದುಕೊಂಡ ಬೆರಕೆಯ ಬಾಯಲ್ಲಿ ಮಾತ್ರ ಆ ಶ್ಲೇಷೆ ಕೂದಲೆಳೆಯಷ್ಟೂ ಅಂತರವಿಲ್ಲದೆ ಹೊಂದುತ್ತದೆ. ಎರಡು ಸೀಮೆಗಳ ಬೆಸುಗೆ ಜನರ ಹಾರೈಕೆಯೊಳಗೇ ಅಚ್ಚೊತ್ತಿ ಕೂತಿದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಬೆರಕೆ ಶಿಯಾಮೆನ್‌ನಲ್ಲಿ ಮೊದಲೇ ಆಗಿತ್ತು, ಏಕೆಂದರೆ ಅದು ಎರಡು ಸೀಮೆಗಳ ನಡುವಿನ ಊರು. ತೈವಾನಿನವರು ಅಲ್ಲಿ ಹದವಾದ ಮಾತನ್ನೇ ಹೊತ್ತು ತಂದರು, ತಾವಾಗಿ ಏನನ್ನೂ ರೂಪಿಸಲಿಲ್ಲ ಎಂದು. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಶಿಯಾಮೆನ್ ಮಾತೂ ಬೆರಕೆಯೇ, ಅಲ್ಲೂ ಬಾಗಿಲು ‘ಮ್ಙ್’. 1873ರಲ್ಲಿ ಸ್ಕಾಟಿಷ್ ಪಾದ್ರಿ ಕಾರ್ಸ್ಟೇರ್ಸ್ ಡಗ್ಲಸ್ ಹೊರತಂದ ನಿಘಂಟು ಶಿಯಾಮೆನ್ ಉಚ್ಚಾರವನ್ನು ಮುಂದಿಟ್ಟು ಜಾಂಗ್‌ಜೌ, ಚುವಾನ್‌ಜೌ ರೂಪಗಳನ್ನು ಪಕ್ಕದಲ್ಲಿ ಕೊಟ್ಟಿದ್ದರಿಂದ ಹೋಲಿಸಿ ನೋಡುವುದು ಕಷ್ಟವಿಲ್ಲ. ಹೋಲಿಸಿದಾಗ ಪಾಲು ಬೇರೆಯಾಗಿರುವುದು ಕಾಣುತ್ತದೆ. ಶಿಯಾಮೆನ್‌ನಲ್ಲಿ ಕೋಳಿ ‘ಕ್ವೆ’, ಬೆಂಕಿ ‘ಹೆ’. ತಾಯ್ನಾನ್‌ನಲ್ಲಿ ‘ಕೆ’, ‘ಹ್ವೆ’. ಸೂರ್ಯ, ದಿನ ಎಂಬರ್ಥದ ಮಾತು ಶಿಯಾಮೆನ್‌ನಲ್ಲಿ ‘ಲಿತ್’. ತೈವಾನಿನ ಬಹುಕಡೆ ಜಾಂಗ್‌ಜೌ ರೀತಿಯ ‘ಜಿತ್’. ನಕಲಾಗಿದ್ದರೆ ಇಷ್ಟು ಮೂಲಭೂತ ಮಾತುಗಳು ಬೇರೆಯಾಗುತ್ತಿರಲಿಲ್ಲ. ಅವೇ ಸಾಮಗ್ರಿಗಳನ್ನು ಎರಡು ಅಡುಗೆಮನೆಗಳಲ್ಲಿ ಬೇರೆ ಬೇರೆ ಅಳತೆಯಲ್ಲಿ ಬೆರೆಸಿದಂತೆ ಇದು. ಎರಡೂ ಕಡೆ ‘ಊಯ್’ ಸೋತಿದ್ದು ಆಕಸ್ಮಿಕವಲ್ಲ. ಬೆರಕೆ ಎಲ್ಲೇ ಆಗಲಿ, ಒಂದು ಕಡೆಯವರಷ್ಟೇ ಪಾಲಿಸುವ ಭೇದ ಅಳಿಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಪ್ರಾದೇಶಿಕ ಧಾಟಿಗಳ ಗುರುತು ಸ್ವರ ವ್ಯಂಜನಗಳಲ್ಲಿ ಮಾತ್ರ ಇಲ್ಲ. ಹೊಕ್ಕಿಯೆನ್‌ನಲ್ಲಿ ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ತೈವಾನಿನ ಮಾತಿನಲ್ಲಿ ಇಂಥ ಏಳು ಏರಿಳಿತಗಳಿವೆ. ಒಂದು ಪದ ಮಾತಿನ ನಡುವೆ ಬಂದಾಗ ತನ್ನ ಮೂಲ ಏರಿಳಿತವನ್ನು ಬಿಟ್ಟು ಇನ್ನೊಂದನ್ನು ತೊಡುತ್ತದೆ. ಪದಗುಚ್ಛದ ಕೊನೆಯ ಪದ ಮಾತ್ರ ತನ್ನ ಮೂಲ ದನಿಯಲ್ಲಿ ನಿಲ್ಲುತ್ತದೆ. ಕೆಳಗಿನಿಂದ ಮೇಲಕ್ಕೇರುವ ದನಿಯೊಂದಿದೆ. ಮಾತಿನ ನಡುವೆ ಅದು ದಕ್ಷಿಣ ತೈವಾನಿನಲ್ಲಿ ಜಾಂಗ್‌ಜೌ ಕ್ರಮದಂತೆ ನಡುಮಟ್ಟದ ಸಮ ದನಿಯಾಗುತ್ತದೆ. ಉತ್ತರದಲ್ಲಿ ಚುವಾನ್‌ಜೌ ಕ್ರಮದಂತೆ ತಗ್ಗು ದನಿಯಾಗುತ್ತದೆ. ತೈವಾನ್ ಎಂಬ ಹೆಸರಿನ ಮೊದಲ ಅಕ್ಷರಕ್ಕೇ ಈ ಏರುದನಿ ಇರುವುದರಿಂದ ತಾಯ್ನಾನ್‌ನವರೂ ತೈಪೆಯವರೂ ತಮ್ಮ ನಾಡಿನ ಹೆಸರನ್ನೇ ಬೇರೆ ಬೇರೆ ಶ್ರುತಿಯಲ್ಲಿ ಹೇಳುತ್ತಾರೆ. ಊರು ಬಿಟ್ಟು ಬಂದು ಏಳೆಂಟು ತಲೆಮಾರು ಕಳೆದವರ ಬಾಯಲ್ಲೂ ಆ ಊರು ಇಷ್ಟು ಸೂಕ್ಷ್ಮವಾಗಿ ಉಳಿಯಬಲ್ಲದು.

ಈಗ ಯೀಲಾನ್‌ಗೆ ಹಿಂತಿರುಗೋಣ. ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು. ನಡುವೆ ತ್ರಿಕೋನಾಕಾರದ ಬಯಲು. ಕಾವಲಾನ್ ಎಂಬ ಮೂಲನಿವಾಸಿಗಳ ನೆಲ ಅದು. 1796ರಲ್ಲಿ ವೂ ಶಾ ಎಂಬ ಮುಂದಾಳು ವಲಸಿಗರ ತಂಡದೊಂದಿಗೆ ಬಂದು ಇಂದಿನ ತೌಚೆಂಗ್‌ನಲ್ಲಿ ನೆಲೆಯೂರಿದ. ಆತ ಜಾಂಗ್‌ಜೌ ಸೀಮೆಯ ಜಾಂಗ್‌ಪು ತಾಲ್ಲೂಕಿನವನು. ತಂಡದಲ್ಲಿ ಬೇರೆ ಕಡೆಯವರೂ ಇದ್ದರು, ಆದರೆ ಜಾಂಗ್‌ಜೌನವರದೇ ಸಿಂಹಪಾಲು. 20ನೆಯ ಶತಮಾನದ ಲೆಕ್ಕದಲ್ಲೂ ಅಲ್ಲಿನ ಹಾನ್ ಜನರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಜಾಂಗ್‌ಜೌ ಮೂಲದವರೇ. ನಿಯಮ ಇಲ್ಲಿಯೂ ಬದಲಾಗಲಿಲ್ಲ, ಪರಿಸ್ಥಿತಿ ಬದಲಾಯಿತು. ‘ಊಯ್’ ಮತ್ತು ‘ಙ್’ ಭೇದ ತಿಳಿಯದವರು ಸಂತೆಯಲ್ಲಿ ಎದುರಾಗುವುದೇ ವಿರಳವಾದಾಗ ಅದನ್ನು ಬಿಡುವ ಅಗತ್ಯ ಯಾರಿಗೂ ಬರಲಿಲ್ಲ. ಹಾಗಾಗಿ ಅಲ್ಲಿ ಅನ್ನ ‘ಪೂಯ್’, ಮೊಟ್ಟೆ ‘ನೂಯ್’, ಹುಳಿ ‘ಸೂಯ್’, ಮೆತ್ತಗಿರುವುದು ‘ನೂಯ್’, ಬೆಳಕು ‘ಕೂಯ್’, ದೂರ ‘ಹೂಯ್’. ಸೋಯಾ ರಸದಲ್ಲಿ ಬೇಯಿಸಿದ ಮೊಟ್ಟೆಯೊಡನೆ ಅನ್ನ ಉಣ್ಣುವ ಒಂದು ವಾಕ್ಯವನ್ನು ಈ ಧಾಟಿಯಲ್ಲಿ ಹೇಳಿ ಯೀಲಾನ್‌ನವರನ್ನು ಗುರುತು ಹಿಡಿಯುವುದು ತೈವಾನಿನಲ್ಲೆಲ್ಲ ರೂಢಿ. 1830ರ ದಶಕದಲ್ಲಿ ಹೊರಬಂದ ವಾಲ್ಟರ್ ಮೆಡ್‌ಹರ್ಸ್ಟ್‌ನ ಹೊಕ್ಕಿಯೆನ್ ನಿಘಂಟು ದಾಖಲಿಸಿದ್ದು ವೂ ಶಾನ ತವರಾದ ಜಾಂಗ್‌ಪು ಕಡೆಯ ಉಚ್ಚಾರವನ್ನೇ. ಅದನ್ನು ಬಲ್ಲವರಿಗೆ ಯೀಲಾನ್‌ನ ಹಿರಿಯರ ಮಾತು ಪರಿಚಿತ ಪುಟಗಳಂತೆ ಕೇಳಿಸುತ್ತದೆ. ಬೆಟ್ಟಗಳ ರಕ್ಷೆ ಮಾತ್ರ ಶಾಶ್ವತವಾಗಿರಲಿಲ್ಲ. 1924ರಲ್ಲಿ ರೈಲುಮಾರ್ಗ ಪೂರ್ತಿಯಾಯಿತು. 2006ರಲ್ಲಿ ಸುಮಾರು 12.9 ಕಿಲೋಮೀಟರ್ ಉದ್ದದ ಶ್ಯುಎಶಾನ್ ಸುರಂಗ ತೆರೆದ ಮೇಲೆ ತೈಪೆಗೆ ಒಂದು ತಾಸಿನ ದಾರಿ. ಇಂದು ಯೀಲಾನ್‌ನ ಎಳೆಯರ ಬಾಯಲ್ಲಿ ‘ಙ್’ ಹೆಚ್ಚುತ್ತಿದೆ. ಹಾಗೆಯೇ ಲೂಕಾಂಗ್‌ನ ಎಳೆಯರ ಬಾಯಲ್ಲಿ ಚುವಾನ್‌ಜೌನ ನಡುಸ್ವರಗಳು ಸವೆಯುತ್ತಿವೆ.

ಧಾಟಿ ಎಂದರೆ ವಂಶದ ಗುರುತು, ಯಾರ ಪೂರ್ವಿಕರು ಎಲ್ಲಿಯವರೋ ಅವರ ಮಾತು ಅಲ್ಲಿಯದು ಎಂಬ ಇನ್ನೊಂದು ನಂಬಿಕೆಯನ್ನೂ ಇಲ್ಲಿ ಪರೀಕ್ಷಿಸಬೇಕು. ಯೀಲಾನ್ ಧಾಟಿಯಲ್ಲಿ ಮಾತಾಡುವವರಲ್ಲಿ ಕಾವಲಾನ್ ಮೂಲನಿವಾಸಿಗಳ ಸಂತತಿಯವರೂ ಇದ್ದಾರೆ. ತಮ್ಮ ನೆಲದ ಜೊತೆಗೆ ನುಡಿಯನ್ನೂ ಕಳೆದುಕೊಂಡು, ವಲಸೆ ಬಂದವರ ಮಾತನ್ನು ಕಲಿತವರು ಅವರು. ನಡು ತೈವಾನಿನ ಯೊಂಗ್‌ಜಿಂಗ್‌ನಲ್ಲಿ ಜಾಂಗ್‌ಜೌ ಛಾಯೆಯ ಒಂದು ವಿಶಿಷ್ಟ ಧಾಟಿಯಿದೆ. ಬೇರೆಯವರು ‘ಪಿಂಗ್’ ಎನ್ನುವ ಮಂಜುಗಡ್ಡೆಗೆ ಅಲ್ಲಿ ‘ಪಿಯನ್’ ಎನ್ನುತ್ತಾರೆ. ಅಲ್ಲಿನ ಎಷ್ಟೋ ಮನೆತನಗಳ ಪೂರ್ವಿಕರು ಹಕ್ಕಾ ಎಂಬ ಬೇರೆಯೇ ಭಾಷೆಯವರು. ರಕ್ತದಿಂದ ಮಾತು ಬರುವುದಿಲ್ಲ, ನೆರೆಹೊರೆಯಿಂದ ಬರುತ್ತದೆ. ತವರಿನಿಂದ ಬಂದದ್ದಷ್ಟೇ ಧಾಟಿ ಎನ್ನುವುದೂ ಅರ್ಧಸತ್ಯ. ತಾಯ್ನಾನ್, ಕಾವೊಸ್ಯುಂಗ್ ಕಡೆ ಒಕಾರವನ್ನು ತುಟಿ ದುಂಡಾಗಿಸದೆ ನಾಲಿಗೆಯ ನಡುವಿನಿಂದ ಆಡುತ್ತಾರೆ. ಕೇಳಲು ಅದು ಚುವಾನ್‌ಜೌನ ಕಳೆದುಹೋದ ನಡುಸ್ವರದ ಹಾಗೇ ಇದೆ, ಆದರೆ ಬರುವ ಪದಗಳೇ ಬೇರೆ. ಹಳೆಯದು ಬೆಂಕಿ ಎನ್ನುವಾಗ ಬರುತ್ತಿತ್ತು. ಹೊಸದು ಸಿಂಪಿ ಎನ್ನುವಾಗ, ಚಾಕು ಎನ್ನುವಾಗ ಬರುತ್ತದೆ. ಅದು ತೈವಾನಿನ ನೆಲದಲ್ಲಿ ಬೆಳೆದ ಬೆಳೆ.

20ನೆಯ ಶತಮಾನದಲ್ಲಿ ಬೆರಕೆಯ ಕಣಕ್ಕೆ ಮೂರನೆಯ ನುಡಿ ಬಂತು. 1945ರಲ್ಲಿ ಜಪಾನೀಯರ ಆಳ್ವಿಕೆ ಮುಗಿದ ನಂತರ ದ್ವೀಪವನ್ನು ಆಳಿದ ಚೀನಾ ಗಣರಾಜ್ಯದ ಸರ್ಕಾರ ಮ್ಯಾಂಡರಿನ್ ಅನ್ನು ರಾಷ್ಟ್ರಭಾಷೆಯಾಗಿ ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಮನೆಮಾತು ಆಡಿದ ಮಕ್ಕಳಿಗೆ ದಂಡ ಹಾಕುವುದು, ಕೊರಳಿಗೆ ಹಲಗೆ ನೇತುಹಾಕುವುದು ನಡೆಯಿತು. 1976ರ ಪ್ರಸಾರ ಕಾಯ್ದೆ ರೇಡಿಯೋ, ಟಿವಿಗಳಲ್ಲೂ ಮನೆಮಾತುಗಳಿಗೆ ಮಿತಿ ಹಾಕಿತು. ಮ್ಯಾಂಡರಿನ್ ಕಲಿತ ನಾಲಿಗೆ ಹೊಕ್ಕಿಯೆನ್ ನಾಲಿಗೆಯೇ ಆದ್ದರಿಂದ ಹಳೆಯ ನಿಯಮ ಮತ್ತೆ ಕೆಲಸ ಮಾಡಿತು. ಬೀಜಿಂಗ್ ಮ್ಯಾಂಡರಿನ್‌ನಲ್ಲಿ ನಾಲಿಗೆ ಮಡಿಸಿ ಆಡುವ ಸಕಾರ ಚಕಾರಗಳ ಸಾಲು ಬೇರೆ, ಮಡಿಸದೆ ಆಡುವ ಸಾಲು ಬೇರೆ. ಹೊಕ್ಕಿಯೆನ್‌ನಲ್ಲಿ ಈ ಭೇದ ಇಲ್ಲ. 1949ರಲ್ಲಿ ಚೀನಾದ ನಾನಾ ಪ್ರಾಂತ್ಯಗಳಿಂದ ಬಂದವರಲ್ಲೂ ಅನೇಕರಿಗೆ ಇರಲಿಲ್ಲ. ತೈವಾನಿನ ಮ್ಯಾಂಡರಿನ್‌ನಲ್ಲಿ ಆ ಎರಡು ಸಾಲುಗಳು ಬಹುಮಟ್ಟಿಗೆ ಒಂದಾದವು. ಫಕಾರವೇ ಇಲ್ಲದ ನುಡಿಯಿಂದ ಬಂದ ಹಿರಿಯರು ‘ಫೇ’ಯನ್ನು ‘ಹ್ವೇ’ ಎಂದರು. ಈಗ ಪ್ರವಾಹ ತಿರುಗಿದೆ. ಮ್ಯಾಂಡರಿನ್‌ನಲ್ಲಿ ಪದಾಂತ್ಯದ ‘ಪ್’, ‘ತ್’, ‘ಕ್’ಗಳಿಲ್ಲ, ನಮ್ಮ ಬಕಾರ, ಗಕಾರದಂಥ ಘೋಷ ವ್ಯಂಜನಗಳೂ ಇಲ್ಲ. ಮ್ಯಾಂಡರಿನ್‌ನಲ್ಲೇ ಬೆಳೆದ ಮಕ್ಕಳು ಮನೆಮಾತು ಆಡುವಾಗ ಈ ಭೇದಗಳು ಮಸುಕಾಗುತ್ತವೆ. ಅಷ್ಟೇ ಅಲ್ಲ, ಆಡುವುದೇ ಕಡಿಮೆಯಾಗಿದೆ. 2020ರ ಜನಗಣತಿಯಲ್ಲಿ ಮುಖ್ಯ ಬಳಕೆಯ ಭಾಷೆ ಮ್ಯಾಂಡರಿನ್ ಎಂದವರು ಶೇ. 66ರಷ್ಟು, ಹೊಕ್ಕಿಯೆನ್ ಎಂದವರು ಶೇ. 32ರ ಆಸುಪಾಸು.

ಹಾಗಾದರೆ ಇದೂ ಸಹಜವೇ ಅಲ್ಲವೆ, ‘ಊಯ್’ ಹೋದಂತೆ ಇದೂ ಹೋಗುತ್ತದೆ, ಅದಕ್ಕೆ ಮರುಗುವುದೇಕೆ ಎಂದು ಕೇಳಬಹುದು. ಎರಡರ ನಡುವೆ ದೊಡ್ಡ ಅಂತರವಿದೆ. 19ನೆಯ ಶತಮಾನದ ಸಂತೆಯಲ್ಲಿ ಚುವಾನ್‌ಜೌನವರು ನಡುಸ್ವರ ಬಿಟ್ಟರು, ಜಾಂಗ್‌ಜೌನವರು ‘ಊಯ್’ ಬಿಟ್ಟರು. ಪರಸ್ಪರ ಕತ್ತಿ ಹಿಡಿದಿದ್ದವರು ಕೊಡುಕೊಳ್ಳುವಿಕೆಯಲ್ಲಿ ಇಬ್ಬರಿಗೂ ಸೇರಿದ ಒಂದು ಮಾತನ್ನು ಕಟ್ಟಿದರು. ಮಾತು ಬದಲಾಯಿತು, ಆದರೆ ಯಾರೂ ಮೂಕರಾಗಲಿಲ್ಲ. ಕೊರಳಿಗೆ ಹಲಗೆ ಹಾಕಿದ ತರಗತಿಯಲ್ಲಿ ನಡೆದದ್ದು ಕೊಡುಕೊಳ್ಳುವಿಕೆಯಲ್ಲ. ಅಲ್ಲಿ ಮಕ್ಕಳು ಕಲಿತ ಮೊದಲ ಪಾಠ ತಮ್ಮ ಮನೆಯವರ ಮಾತು ನಾಚಿಕೆಗೇಡು ಎಂಬುದು. ಬೆರಕೆಯಿಂದ ಭಾಷೆ ಬೆಳೆಯುತ್ತದೆ, ನಾಚಿಕೆಯಿಂದ ಅಳಿಯುತ್ತದೆ. ತೈವಾನಿನ ಚರಿತ್ರೆ ಎರಡನ್ನೂ ಒಂದೇ ದ್ವೀಪದಲ್ಲಿ ತೋರಿಸಿಕೊಟ್ಟಿದೆ.

1987ರಲ್ಲಿ ಸೇನಾಡಳಿತ ಕೊನೆಗೊಂಡ ಮೇಲೆ ತಿದ್ದುಪಡಿಯ ಕೆಲಸ ಶುರುವಾಯಿತು. 2001ರಿಂದ ಪ್ರಾಥಮಿಕ ಶಾಲೆಗಳಲ್ಲಿ ವಾರಕ್ಕೊಂದು ಮನೆಮಾತಿನ ತರಗತಿ, 2018ರ ಕೊನೆಗೆ ದ್ವೀಪದ ಎಲ್ಲ ನುಡಿಗಳಿಗೂ ರಾಷ್ಟ್ರಭಾಷೆಯ ಮಾನ್ಯತೆ ಕೊಟ್ಟ ಕಾನೂನು, 2019ರಲ್ಲಿ ಹೊಕ್ಕಿಯೆನ್‌ಗೇ ಮೀಸಲಾದ ಸಾರ್ವಜನಿಕ ಟಿವಿ ವಾಹಿನಿ ಬಂದವು. ಆಗ ಎದ್ದ ಪ್ರಶ್ನೆ: ಯಾವ ಧಾಟಿಯನ್ನು ಕಲಿಸಬೇಕು? ಭಾಷೆಯೇ ಅಪಾಯದಲ್ಲಿರುವಾಗ ಹತ್ತು ಧಾಟಿಗಳನ್ನು ಹಿಡಿದುಕೊಂಡು ಕೂತರೆ ಒಂದೂ ಉಳಿಯದು, ಪಠ್ಯಕ್ಕೂ ಪರೀಕ್ಷೆಗೂ ಒಂದು ಮಾದರಿ ಬೇಕು ಎನ್ನುವವರ ಆತಂಕ ನಿಜವಾದದ್ದು. ಶಿಕ್ಷಣ ಸಚಿವಾಲಯದ ನಿಘಂಟು ಇದಕ್ಕೊಂದು ವಿವೇಕದ ದಾರಿ ಹಿಡಿದಿದೆ. ಕಾವೊಸ್ಯುಂಗ್ ಉಚ್ಚಾರವನ್ನು ಮೊದಲು, ತೈಪೆಯದನ್ನು ಎರಡನೆಯದಾಗಿ ಕೊಟ್ಟು, ಲೂಕಾಂಗ್, ಸಾನ್‌ಶಿಯಾ, ಯೀಲಾನ್, ತಾಯ್ನಾನ್ ಮುಂತಾದ ಊರುಗಳ ರೂಪಗಳನ್ನೂ ಪಟ್ಟಿಯಲ್ಲಿ ದಾಖಲಿಸಿದೆ. ಮುಂದಿನ ಹೆಜ್ಜೆ ತರಗತಿಯಲ್ಲಿ ಇಡಬೇಕಾದದ್ದು. ಒಂದು ಭೇದ ಉಳಿಯಬೇಕಾದರೆ ಅದನ್ನು ಪಾಲಿಸುವವರು ಸುತ್ತ ಸಾಕಷ್ಟು ಮಂದಿ ಇರಬೇಕು ಎನ್ನುವುದೇ ನಾವು ಕಂಡ ನಿಯಮ. ಅಂಥ ನೆರೆಹೊರೆ ಉಳಿದಿರುವುದು ಊರಿನ ಹಿರಿಯರ ನಡುವೆ ಮಾತ್ರ. ಯೀಲಾನ್‌ನ ಮಗು ಅಜ್ಜಿಯಿಂದ ‘ಪೂಯ್’ ಎಂದು ಕಲಿತು ಬಂದರೆ ಅದನ್ನು ‘ಪ್ಙ್’ ಎಂದು ತಿದ್ದುವ ಶಿಕ್ಷಕರು ಮನೆಮಾತಿನ ತರಗತಿಯಲ್ಲೇ ಮನೆಯನ್ನು ತಪ್ಪು ಎಂದಂತಾಗುತ್ತದೆ. ಎರಡೂ ಸರಿ ಎಂದು ಒಂದು ಮಾತು ಹೇಳಿದರೆ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ಪರೀಕ್ಷೆಗೊಂದು, ಊಟದ ಮನೆಗೊಂದು.

ಅಮೊಯ್ ಎಂಬ ಹೆಸರು ಭೂಪಟಗಳಿಂದ ಮರೆಯಾಗಿ ಅಲ್ಲಿ ಶಿಯಾಮೆನ್ ಬಂದಿದೆ. ನಾವಿಕರು ಕೇಳಿ ಬರೆದುಕೊಂಡ ಆ ‘ಮೂಯ್’ ಹಳೆಯ ಕಾಗದದ ಮೇಲೆ ಉಳಿದರೆ ಅದು ಬರಿಯ ದಾಖಲೆ. ಯೀಲಾನ್‌ನ ಹಳ್ಳಿಯಲ್ಲಿ ಸಂಜೆ ಹೊತ್ತು ಅಜ್ಜಿ ಮೊಮ್ಮಗನಿಗೆ ಮೂಯ್ ಹಾಕಿ ಬಾ ಎಂದಾಗ, ಅವನಿಗೆ ಅದು ಅರ್ಥವಾಗಿ ಎದ್ದು ಹೋದಾಗ, ಜಾಂಗ್‌ಪು ತಾಲ್ಲೂಕಿನಿಂದ ಹೊರಟ ಒಂದು ಸದ್ದು ಇನ್ನೂ ಪ್ರಯಾಣದಲ್ಲಿದೆ. ಅದು ಎಷ್ಟು ದೂರ ಹೋಗುತ್ತದೆ ಎನ್ನುವುದು ನಾಳೆ ಆ ಹುಡುಗ ಅದೇ ಮಾತನ್ನು ತನ್ನ ಬಾಯಿಂದ ಆಡುತ್ತಾನೆಯೇ ಎನ್ನುವುದರ ಮೇಲೆ ನಿಂತಿದೆ.